ಹೈಸ್ಕೂಲ್ ಓಟಗಾರರಿಗೆ ಪ್ಲಯೋಮೆಟ್ರಿಕ್ಸ್: ನನ್ನ ಅನುಭವ

ಹೈಸ್ಕೂಲ್ ಮಕ್ಕಳಿಗೆ ಪ್ಲಯೋ (ಪ್ಲಯೋಮೆಟ್ರಿಕ್ಸ್, ಅಂದರೆ ನೆಲ ಮುಟ್ಟಿದ ಕೂಡಲೇ ಪುಟಿಯುವ ಜಿಗಿತದ ವ್ಯಾಯಾಮ) ಮಾಡಿಸುತ್ತೇನೆ ಅಂದಾಗ ನಮ್ಮ ತಾಲ್ಲೂಕಿನ ಪಿಟಿ ಮೇಷ್ಟ್ರುಗಳೇ ನಕ್ಕಿದ್ದರು. 'ಮಂಡಿ ಹಾಳು ಮಾಡ್ತೀರಿ ಸರ್, ಸುಮ್ನೆ ನೂರು ಮೀಟರ್ ಹತ್ತು ಸಲ ಓಡಿಸಿ' ಅಂದರು. ಈಗ ಕೆಲವು ವರ್ಷಗಳಿಂದ ಜಿಲ್ಲಾ ಮಟ್ಟದ 100, 200 ಮೀಟರ್ ಫೈನಲ್‌ನಲ್ಲಿ ನಮ್ಮ ಮಕ್ಕಳು ಇದ್ದೇ ಇರುತ್ತಾರೆ. ನಕ್ಕವರೇ ಫೋನ್ ಮಾಡಿ ಕೇಳುತ್ತಾರೆ. ಅದಕ್ಕೇ ಬರೆದುಬಿಡೋಣ ಅಂತ ಕೂತೆ.

ಮೊದಲ ವರ್ಷ ದುಡ್ಡು ಹೋಗಿದ್ದೇ ಜಾಸ್ತಿ. ಬಡಗಿ ಹತ್ತಿರ ಜಿಗಿತಕ್ಕೆ ಅಂತ ಪ್ಲೈವುಡ್ ಬಾಕ್ಸ್ ಮಾಡಿಸಿದೆ, ಐದು ಸಾವಿರದ ಹತ್ತಿರ ಆಯಿತು. ಒಂದೇ ಮಳೆಗಾಲಕ್ಕೆ ಉಬ್ಬಿ ಪದರ ಬಿಟ್ಟವು. ನಮ್ಮದು ದಾವಣಗೆರೆ ಕಡೆಯ ಎರೆಮಣ್ಣಿನ ಮೈದಾನ. ಮಳೆ ಬಿದ್ದರೆ ಕಾಲಿಗೆಲ್ಲ ಮಣ್ಣು ಮೆತ್ತಿಕೊಳ್ಳುತ್ತದೆ, ಬೇಸಿಗೆಯಲ್ಲಿ ಪಾದ ಸಿಕ್ಕಿಕೊಳ್ಳುವಷ್ಟು ಬಿರುಕು. ಸಿಮೆಂಟ್ ವರಾಂಡದಲ್ಲಿ ಜಿಗಿಸಿದರೆ ಎರಡೇ ವಾರಕ್ಕೆ ಅರ್ಧ ಮಕ್ಕಳಿಗೆ ಶಿನ್ (ಮಂಡಿಯ ಕೆಳಗಿನ ಮುಂಭಾಗದ ಎಲುಬು) ನೋವು. ಕಡೆಗೆ ಕ್ರಿಕೆಟ್ ತಂಡವೊಂದು ಮೂಲೆಗೆ ಹಾಕಿದ್ದ ನಾರಿನ ಮ್ಯಾಟನ್ನು ಎರಡೂವರೆ ಸಾವಿರಕ್ಕೆ ತಂದು, ಮಡಚಿ ವರಾಂಡಕ್ಕೆ ಹಾಸಿದೆ. ಮಳೆ ಇಲ್ಲದಿದ್ದರೆ ಊರಾಚೆಯ ಹುಲ್ಲು. ಬಾಕ್ಸ್ ಬದಲು ಪಂಕ್ಚರ್ ಅಂಗಡಿಯ ಹಳೇ ಟೈರು, ಪುಕ್ಕಟೆ.

ಡೆಪ್ತ್ ಜಂಪ್, ಅಂದರೆ ಎತ್ತರದಿಂದ ಕೆಳಕ್ಕೆ ಹಾರಿ ನೆಲ ಮುಟ್ಟಿದ ಕೂಡಲೇ ಮೇಲಕ್ಕೆ ಜಿಗಿಯುವುದು, ಅದರ ಹುಚ್ಚು ನನಗೂ ಇತ್ತು. ರಷ್ಯಾದ ಕೋಚ್ ವೆರ್ಖೋಶಾನ್ಸ್ಕಿ ಅದನ್ನು ಮಾಡಿಸಿದ್ದು ಕಾಲು ಗಟ್ಟಿಯಾದ ದೊಡ್ಡ ಅಥ್ಲೀಟುಗಳಿಗೆ. ನಮ್ಮ ಎಂಟನೇ ಕ್ಲಾಸಿನ ಹುಡುಗ ಎರಡು ಅಡಿಯಿಂದ ಹಾರಿದರೆ ಧೊಪ್ಪಂತ ಕೂತೇಬಿಡುತ್ತಾನೆ. ಅದು ಪ್ಲಯೋನೇ ಅಲ್ಲ, ಪ್ಲಯೋದಲ್ಲಿ ಪಾದ ಬೇಗ ನೆಲ ಬಿಡಬೇಕು. ಒಳ್ಳೆಯ ಸ್ಪ್ರಿಂಟರ್ ಪೂರ್ತಿ ವೇಗದಲ್ಲಿದ್ದಾಗ ಪಾದ ನೆಲದ ಮೇಲಿರುವುದು ಸುಮಾರು 0.1 ಸೆಕೆಂಡ್.

ಹಾಗಾಗಿ ಒಂದೂವರೆ ತಿಂಗಳು ಬರೀ ಇಳಿಯುವುದನ್ನು ಕಲಿಸಿದೆ. ಟೈರಿನಿಂದ ಇಳಿ, ನಿಲ್ಲು, ಮೂರು ಎಣಿಸು. ಕೆಲವು ಸಲ ನಾನು ಬೆನ್ನು ತಿರುಗಿಸಿ ಸದ್ದು ಮಾತ್ರ ಕೇಳುತ್ತಿದ್ದೆ. 'ಧಪ್' ಅಂದರೆ ಮತ್ತೊಮ್ಮೆ. ಹುಡುಗಿಯರಲ್ಲಿ ಇಳಿಯುವಾಗ ಮಂಡಿ ಒಳಕ್ಕೆ ಬೀಳುವುದು ಜಾಸ್ತಿ. ಮಂಡಿಯ ಲಿಗಮೆಂಟ್ ಹರಿಯುವುದೂ ಹೆಚ್ಚಾಗಿ ಹಾಗೇ. ಮಂಡಿಯ ಮೇಲೆ ಎರಡೂ ತೊಡೆಗೆ ಸೇರಿಸಿ ಹಳೇ ಸೈಕಲ್ ಟ್ಯೂಬ್ ಕಟ್ಟಿ, 'ಟ್ಯೂಬ್ ಸಡಿಲ ಆಗಬಾರದು' ಅಂದೆ. ಅಷ್ಟೇ ಸಾಕಾಯಿತು.

ಆಮೇಲೆ ಸ್ಕಿಪ್ಪಿಂಗ್, ಪೋಗೋ (ಮಂಡಿ ಹೆಚ್ಚು ಬಗ್ಗಿಸದೆ ಪಾದದಿಂದಲೇ ಪುಟಿಯುವುದು), ಬೌಂಡಿಂಗ್ (ಉದ್ದುದ್ದ ಹೆಜ್ಜೆ ಹಾರುತ್ತಾ ಹೋಗುವುದು), ಕೊನೆಗೆ ಒಂಟಿಕಾಲಿನ ಹಾಪ್. ವಾರಕ್ಕೆ ಎರಡೇ ದಿನ, ನಡುವೆ ಎರಡು ದಿನ ಬಿಡುವು. ಪಾದ ನೆಲ ಮುಟ್ಟುವ ಲೆಕ್ಕ ದಿನಕ್ಕೆ 60ರಿಂದ ಶುರು, 100 ದಾಟಿಸಲಿಲ್ಲ. ವಾರ್ಮ್ ಅಪ್ ಆದ ಕೂಡಲೇ ಮಾಡಿಸಿ. ಓಡಿ ಸುಸ್ತಾದ ಕಾಲಿಗೆ ಬೇಡವೇ ಬೇಡ. ಮೀಟ್‌ಗೆ ಮುಂಚಿನ ಹತ್ತು ದಿನ ಏನು ಬಿಡುತ್ತೇನೆ, ಏನು ಇಟ್ಟುಕೊಳ್ಳುತ್ತೇನೆ ಅನ್ನುವುದನ್ನು ಹೇಳುವುದಿಲ್ಲ. ನಮ್ಮ ತಾಲ್ಲೂಕಿನವರೂ ಓದುತ್ತಾರೆ, ಅಲ್ವಾ?

ನಡುವೆ ಪಕ್ಕದ ಪ್ರೈಮರಿ ಶಾಲೆಯ ಆರನೇ ಕ್ಲಾಸಿನವರಿಗೆ ಬರೀ ಕುಂಟೆಬಿಲ್ಲೆ ಆಡಿಸಿ ನೋಡಿದೆ. ಕಾಲು ಬದಲಿಸಿ ಆಡಬೇಕು ಅನ್ನೋದೊಂದೇ ನಿಯಮ. ನಮ್ಮಲ್ಲಿಗೆ ಬರುವ ಹೊತ್ತಿಗೆ ಅವರ ಹಾಪ್ ಅರ್ಧ ತಯಾರಾಗಿತ್ತು. ಲಾಂಗ್ ಜಂಪ್ ಪಿಟ್ಟಿನ ಮರಳಲ್ಲೂ ಜಿಗಿಸಿದೆ. ಮರಳು ಪುಟಿತವನ್ನೆಲ್ಲ ನುಂಗಿಬಿಡುತ್ತದೆ, ಓಟಕ್ಕೆ ಚುರುಕು ಬರಲಿಲ್ಲ. ಪೆಟ್ಟಿನಿಂದ ಚೇತರಿಸಿಕೊಳ್ಳುತ್ತಿರುವವರಿಗೆ ಅದು ಸರಿ.

ಟೈಮಿಂಗ್ ಕೇಳಿದರೆ, ನೂರು ಮೀಟರ್‌ನಲ್ಲಿ ಒಬ್ಬ ಹುಡುಗ 12.8 ಸೆಕೆಂಡ್ ಆಸುಪಾಸಿನಿಂದ 12.2ಕ್ಕೆ ಬಂದ, ಒಬ್ಬ ಹುಡುಗಿ 14.5ರಿಂದ 13.8ಕ್ಕೆ. ಎಲ್ಲ ಸ್ಟಾಪ್‌ವಾಚ್ ಲೆಕ್ಕ. ಎಲೆಕ್ಟ್ರಾನಿಕ್‌ಗೆ ಕಾಲು ಸೆಕೆಂಡ್ ಸೇರಿಸಿಕೊಳ್ಳಿ. ಈ ವಯಸ್ಸಿಗೆ ಬೆಳೆದರೂ ಟೈಮ್ ಇಳಿಯುತ್ತದೆ, ನಿಜ. ಆದರೆ ಮುಂಚೆ ಸೀಸನ್‌ಗೆ ಐದಾರು ಜನ ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಭಾಗದ ಸ್ನಾಯು) ಹಿಡಿದು ಕೂರುತ್ತಿದ್ದರು, ಈಗ ಒಬ್ಬರೋ ಇಬ್ಬರೋ.

ತಿಂಗಳಿಗೊಮ್ಮೆ ಗೋಡೆಗೆ ನಿಲ್ಲಿಸಿ ಪೆನ್ಸಿಲ್‌ನಲ್ಲಿ ಎತ್ತರ ಗುರುತು ಹಾಕುತ್ತೇನೆ. ಗೆರೆ ದಿಢೀರ್ ಮೇಲೇರಿದವನಿಗೆ ಜಿಗಿತ ಅರ್ಧಕ್ಕೆ ಇಳಿಸುತ್ತೇನೆ. ಮಂಡಿಚಿಪ್ಪಿನ ಕೆಳಗಿನ ಉಬ್ಬು ಒತ್ತಿದರೆ ನೋವು ಅಂದರೆ ಆಸ್‌ಗುಡ್ ಶ್ಲಾಟರ್ (ಬೆಳೆಯುವ ಮಕ್ಕಳಿಗೆ ಬರುವ ಮಂಡಿಯ ತೊಂದರೆ) ಇರಬಹುದು. ಜಿಗಿತ ಬಂದ್, ಡಾಕ್ಟರ ಹತ್ತಿರ ಕಳಿಸುತ್ತೇನೆ. 'ಜಿಗಿದ್ರೆ ಹುಡುಗ ಕುಳ್ಳ ಆಗ್ತಾನಂತಲ್ಲ ಮೇಷ್ಟ್ರೇ' ಅಂತ ಬಂದ ಅಪ್ಪನೊಬ್ಬನಿಗೆ ಆ ಗೋಡೆಯನ್ನೇ ತೋರಿಸಿದೆ.

ಈ ಜೂನ್‌ನಿಂದ ಖೋ ಖೋ ಮಕ್ಕಳಿಗೂ ಶುರು. ಪಿವಿಸಿ ಪೈಪಿನಲ್ಲಿ ಆರಿಂಚಿನ ಹರ್ಡಲ್ ನಾವೇ ಮಾಡಿಕೊಳ್ಳುತ್ತಿದ್ದೇವೆ. ಒಂದಕ್ಕೆ ನೂರು ರೂಪಾಯಿಯೂ ಆಗುವುದಿಲ್ಲ. ಅಂಗಡಿಯವರು ಮುನ್ನೂರರ ಮೇಲೆ ಹೇಳುತ್ತಾರೆ.