ಹಣ್ಣುನೊಣಗಳ ಗುರುತಿಗೆ ಬಲೆಯೊಂದೇ ಸಾಲದು

ತೋಟದಲ್ಲಿ ಯಾವ ಹಣ್ಣುನೊಣಗಳಿವೆ ಎಂದು ತಿಳಿಯಲು ನಾನು ಮೋಹಕ (ನೊಣವನ್ನು ಸೆಳೆಯುವ ರಾಸಾಯನಿಕ) ಹಾಕಿದ ಬಲೆ ಕಟ್ಟುತ್ತೇನೆ, ಜೊತೆಗೆ ಹುಳುಬಿದ್ದ ಹಣ್ಣುಗಳನ್ನೂ ತರುತ್ತೇನೆ. ಬಲೆಯೊಂದನ್ನೇ ನಂಬಿದರೆ ಪಟ್ಟಿ ಅರೆಬರೆ. ಮೀಥೈಲ್ ಯೂಜಿನಾಲ್ ಎಂಬ ಮೋಹಕಕ್ಕೆ ಬ್ಯಾಕ್ಟ್ರೋಸೆರಾ ಕುಲದ ಡಾರ್ಸಾಲಿಸ್, ಝೊನೇಟಾ, ಕರೆಕ್ಟಾ ಬರುತ್ತವೆ. ಕ್ಯೂಲೂರ್ ಎಂಬ ಇನ್ನೊಂದು ಮೋಹಕಕ್ಕೆ ಝೂಗೊಡಾಕಸ್ ಕುಲದ ಕುಕುರ್ಬಿಟೇ ಮತ್ತು ಟೌ. ಬೀಳುವುದು ಗಂಡುಗಳೇ. ಸೌತೆ, ಹಾಗಲದಂಥ ಬಳ್ಳಿಗಳ ಕಾಯಿಗೆ ಬೀಳುವ ಡಾಕಸ್ ಸಿಲಿಯೇಟಸ್ ಈ ಎರಡಕ್ಕೂ ಬರುವುದಿಲ್ಲ.

ಬಲೆಗೆ 5×5×1.2 ಸೆಂ.ಮೀ. ಪ್ಲೈವುಡ್ ತುಂಡನ್ನು ಈಥೈಲ್ ಆಲ್ಕೊಹಾಲ್, ಮೋಹಕ, ಮೆಲಾಥಿಯಾನ್ ಕೀಟನಾಶಕ 6:4:1ರ ಮಿಶ್ರಣದಲ್ಲಿ ಎರಡು ದಿನ ನೆನೆಸುತ್ತೇನೆ. ಎರಡು ಮೋಹಕಗಳಿಗೆ ಬೇರೆ ಬೇರೆ ಕೈಗವಸು ಬೇಕೇ ಬೇಕು. ಬೆರಳಿಗಂಟಿದ ಮೀಥೈಲ್ ಯೂಜಿನಾಲ್ ಕ್ಯೂಲೂರ್ ಬಲೆಗೆ ತಾಗಿದರೆ ಅಲ್ಲಿಗೂ ಡಾರ್ಸಾಲಿಸ್ ಬಂದು ದಾಖಲೆ ಕೆಡುತ್ತದೆ.

ಹೆಣ್ಣು ನೊಣ, ಅದು ಮೊಟ್ಟೆಯಿಟ್ಟ ಬೆಳೆ, ಎರಡೂ ಖಚಿತವಾಗಿ ತಿಳಿಯುವುದು ಹಣ್ಣಿನಿಂದ ಸಾಕಿದಾಗ. ಒಂದೊಂದು ಬಗೆಯ ಹಣ್ಣಿಗೆ ಒಂದೊಂದು ಡಬ್ಬಿ. ತಳದಲ್ಲಿ 3–5 ಸೆಂ.ಮೀ. ಜರಡಿ ಹಿಡಿದ ಮರಳು, ಅದರ ಮೇಲೆ ತಂತಿಜಾಲರಿ, ಜಾಲರಿಯ ಮೇಲೆ ಹಣ್ಣು, ಬಾಯಿಗೆ ತೆಳು ಬಟ್ಟೆ. ಮರಳು ಬರೀ ತೇವವಾಗಿದ್ದರೆ ಸಾಕು; ಹಣ್ಣಿನ ರಸ ಇಳಿದು ಕೆಸರಾದರೆ, ಮರಳಿಗಿಳಿದ ಹುಳುಗಳ ಕೋಶಗಳಿಗೆ (ಪ್ಯೂಪಾ) ಬೂಷ್ಟು ಹಿಡಿಯುತ್ತದೆ. ಕೆಲವು ಕೋಶಗಳಿಂದ ನೊಣದ ಬದಲು ಪುಟ್ಟ ಪರಾವಲಂಬಿ ಕಣಜ ಹೊರಬರುತ್ತದೆ. ಅದನ್ನು ಎಸೆಯಬಾರದು, ಅದೂ ಅಮೂಲ್ಯ ಮಾಹಿತಿ.

ಹೊರಬಂದ ನೊಣವನ್ನು ಆ ಕ್ಷಣವೇ ಕೊಂದರೆ ಬಣ್ಣ ಕೂಡಿರುವುದಿಲ್ಲ, ಗುರುತೂ ತಪ್ಪುತ್ತದೆ. ಸಕ್ಕರೆ, ನೀರು ಕೊಟ್ಟು ನಾಲ್ಕೈದು ದಿನ ಬಿಟ್ಟು ಆಮೇಲೆ ಫ್ರೀಜರ್‌ಗೆ ಹಾಕುತ್ತೇನೆ.

ಸೂಕ್ಷ್ಮದರ್ಶಕದಡಿ ಮೊದಲು ರೆಕ್ಕೆ. ಅಂಚಿನ ಹತ್ತಿರದ ಸಬ್‌ಕಾಸ್ಟಾ ನರ ತುದಿಯಲ್ಲಿ ಥಟ್ಟನೆ ಮೇಲಕ್ಕೆ ಬಾಗಿ ಮಸುಕಾದರೆ ಟೆಫ್ರಿಟಿಡೇ ಕುಟುಂಬ. ಕೊಳೆತ ಹಣ್ಣಿಗೆ ಮುತ್ತುವ ಪುಟ್ಟ ಡ್ರೊಸೊಫಿಲಾ ಬೇರೆಯೇ ಕುಟುಂಬದ್ದು. ಹೊಟ್ಟೆಯ ಮೇಲ್ಫಲಕಗಳು ಒಂದಕ್ಕೊಂದು ಬೆಸೆದಿದ್ದರೆ ಡಾಕಸ್; ಬಿಡಿಯಾಗಿದ್ದರೆ ಬ್ಯಾಕ್ಟ್ರೋಸೆರಾ ಅಥವಾ ಝೂಗೊಡಾಕಸ್. ಕುಕುರ್ಬಿಟೇಗೆ ಎದೆಯ ನಡುವೆ ಹಳದಿ ಪಟ್ಟೆ, ರೆಕ್ಕೆಯ ಅಡ್ಡನರದ ಮೇಲೆ ಹೊಗೆಬಣ್ಣ. ಝೊನೇಟಾ, ಕರೆಕ್ಟಾ ಎರಡರಲ್ಲೂ ರೆಕ್ಕೆಯಂಚಿನ ಪಟ್ಟೆ ತುಂಡಾಗಿ ತುದಿಯಲ್ಲೊಂದು ಚುಕ್ಕೆ ಉಳಿದಿರುತ್ತದೆ. ಮುಖ ನೋಡಿಯೇ ಬೇರ್ಪಡಿಸಬೇಕು. ದುಂಡು ಕಪ್ಪು ಚುಕ್ಕೆಗಳಿದ್ದರೆ ಝೊನೇಟಾ, ಅಡ್ಡಗೆರೆಯಂತಿದ್ದರೆ ಕರೆಕ್ಟಾ.

ಡಾರ್ಸಾಲಿಸ್‌ನಲ್ಲಿ ಬಣ್ಣವನ್ನು ಅತಿಯಾಗಿ ನಂಬಬಾರದು. ಅದರ ಎದೆ ಕಪ್ಪಿನಿಂದ ಕಂದುಗೆಂಪಿನವರೆಗೆ ಬದಲಾಗುತ್ತದೆ. 2003ರಲ್ಲಿ ಕೀನ್ಯಾದಲ್ಲಿ ಕಂಡ ನೊಣಕ್ಕೆ 2005ರಲ್ಲಿ ಇನ್ವೇಡೆನ್ಸ್ ಎಂಬ ಹೊಸ ಹೆಸರು ಬಂತು. 2015ರಲ್ಲಿ ಅದನ್ನೂ ಬೇರೆ ಜಾತಿಯೆನಿಸಿದ್ದ ಪಪಾಯೇಯನ್ನೂ ಡಾರ್ಸಾಲಿಸ್‌ಗೇ ಸೇರಿಸಲಾಯಿತು. ಹಳೆಯ ಕೀಲಿ (ಲಕ್ಷಣ ನೋಡಿ ಜಾತಿ ಗುರುತಿಸುವ ಪಟ್ಟಿ) ಬಳಸುವವರು ಇದನ್ನು ತಿದ್ದಿಕೊಳ್ಳಬೇಕು. ಬ್ಯಾಕ್ಟ್ರೋಸೆರಾದ ಮೂಲ ಹೆಚ್ಚಾಗಿ ಏಷ್ಯಾ–ಪೆಸಿಫಿಕ್, ಇತರ ಹಣ್ಣುನೊಣ ಕುಲಗಳಲ್ಲಿ ಸೆರಟೈಟಿಸ್‌ನದು ಆಫ್ರಿಕಾ, ಅನಾಸ್ಟ್ರೆಫಾದ್ದು ಅಮೆರಿಕ ಖಂಡಗಳು. ಹಣ್ಣಿನ ಸಾಗಾಟದ ಜೊತೆ ನೊಣವೂ ಹೋಗುವುದರಿಂದ ಸಿಕ್ಕಿದ ಊರನ್ನು ನೋಡಿ ಹೆಸರು ಹಚ್ಚಲಾಗದು.

ಪ್ರತಿ ಡಬ್ಬಿಯಿಂದ ಕೆಲವನ್ನು ಒಣಗಿಸಿ ಪಿನ್ ಮಾಡುತ್ತೇನೆ, ಉಳಿದವನ್ನು ಡಿಎನ್‌ಎಗಾಗಿ 95% ಆಲ್ಕೊಹಾಲ್‌ನಲ್ಲಿಡುತ್ತೇನೆ. ಅಲ್ಲಿ ಬಣ್ಣ ಮಾಸುತ್ತದೆ. ಸೀಸೆಯೊಳಗಿನ ಚೀಟಿಯಲ್ಲಿ ಜಾಗ, ದಿನಾಂಕ, ಹಣ್ಣು ಅಥವಾ ಮೋಹಕದ ಹೆಸರು ಪೆನ್ಸಿಲ್‌ನಲ್ಲೇ ಇರಲಿ, ಬಾಲ್‌ಪೆನ್ ಶಾಯಿ ಆಲ್ಕೊಹಾಲ್‌ನಲ್ಲಿ ಕರಗುತ್ತದೆ.