ಪುಸ್ತಕದ ಕಪಾಟಿನಲ್ಲಿ ಗೇಮ್ ಡಿಸ್ಕ್

ಕಾರವಾರದ ಒಂದು ಕಾಲೇಜಿನಲ್ಲಿ ನಾನು ಗ್ರಂಥಪಾಲಕ. ವಿಡಿಯೋ ಗೇಮ್ ತರಿಸೋಣ ಅಂದಾಗ ಲೈಬ್ರರಿ ಕಮಿಟಿಯವರು ಮೊದಲು ಕೇಳಿದ್ದು ದುಡ್ಡಿನ ಮಾತಲ್ಲ. "ಮಕ್ಕಳಿಗೆ ಮನೆಗೆ ಕೊಟ್ಟರೆ ಕೇಸ್ ಗೀಸ್ ಆಗಲ್ವಾ?" ಅಂತ. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯನ್ನು ಓದಿ ಹೇಳಿದೆ. ಸರಿಯಾಗಿ ಕೊಂಡ ಕಂಪ್ಯೂಟರ್ ಪ್ರೋಗ್ರಾಂ ಪ್ರತಿಯನ್ನು ಲಾಭಕ್ಕಲ್ಲದ ಗ್ರಂಥಾಲಯ ಲಾಭದ ಆಸೆಯಿಲ್ಲದೆ ಎರವಲು ಕೊಟ್ಟರೆ ಅದು ವ್ಯಾಪಾರದ ಬಾಡಿಗೆ ಅಲ್ಲ. ಮಿಶಿಗನ್ ವಿಶ್ವವಿದ್ಯಾಲಯದಲ್ಲಿ 2008ರಿಂದಲೇ ಗೇಮ್ ಸಂಗ್ರಹ ಇದೆ ಅಂತಲೂ ಸೇರಿಸಿದೆ. ಕಾನೂನಿಗಿಂತ ಇದೇ ಜಾಸ್ತಿ ಕೆಲಸ ಮಾಡಿತು. ಅಮೆರಿಕ ಅಂದರೆ ಸಾಕಲ್ವಾ!

ತರಿಸಿದ್ದು ಡಿಸ್ಕ್ ಮಾತ್ರ. ಡೌನ್‌ಲೋಡ್ ಮಾಡಿದ ಆಟ ಯಾರದ್ದೋ ಒಂದು ಖಾತೆಗೆ ಅಂಟಿಕೊಂಡಿರುತ್ತದೆ. ಅದನ್ನು ಇನ್ನೊಬ್ಬರ ಕೈಗೆ ಕೊಡುವುದು ಹೇಗೆ? ಪುಣೆಯವರು ಮಾಡಿದ 'ರಾಜಿ' ಬೇಕು ಅಂತ ಹುಡುಗರು ಕೇಳುತ್ತಲೇ ಇದ್ದಾರೆ. ಡಿಸ್ಕ್ ಸಿಕ್ಕರೆ ನೋಡೋಣ ಅಂದಿದ್ದೇನೆ.

ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ಪದ್ಧತಿಯ ಪ್ರಕಾರ ಕಂಪ್ಯೂಟರ್ ಆಟಗಳಿಗೆ 794.8. ಚೆಸ್ 794.1. ಹಾಗಾಗಿ ಯಾರೂ ಮುಟ್ಟದ ನಮ್ಮ ಚೆಸ್ ಪುಸ್ತಕಗಳ ಪಕ್ಕದಲ್ಲೇ ಇವಕ್ಕೂ ಜಾಗ. ಕಪಾಟಿನಲ್ಲಿರುವುದು ಖಾಲಿ ಡಬ್ಬಿ. ಡಿಸ್ಕ್ ಕೌಂಟರ್ ಹಿಂದೆ. ಪುಸ್ತಕ ಕೈಯಲ್ಲಿದ್ದರೆ ಓದಬಹುದು, ಡಿಸ್ಕ್ ಹಾಗಲ್ಲ. ಅದಕ್ಕೇ ಕೋಹಾ ಎಂಬ ಗ್ರಂಥಾಲಯ ತಂತ್ರಾಂಶದಲ್ಲಿ ದಾಖಲೆ ಮಾಡುವಾಗ 538ನೇ ಫೀಲ್ಡ್ ಬಿಡುವುದಿಲ್ಲ. ಯಾವ ಯಂತ್ರ, ಎಷ್ಟು ಕಂಟ್ರೋಲರ್, ಇಂಟರ್‌ನೆಟ್ ಬೇಕೇ, ಎಲ್ಲ ಅಲ್ಲೇ. ಡಿಸ್ಕಿಗೆ ಬಾರ್‌ಕೋಡ್ ಚೀಟಿ ಅಂಟಿಸುವುದಿಲ್ಲ. ಜೋರಾಗಿ ತಿರುಗುವಾಗ ಆ ಚೀಟಿಯ ಭಾರಕ್ಕೇ ಡಿಸ್ಕ್ ಓಲಾಡುತ್ತದೆ. ಮಧ್ಯದ ತೂತಿನ ಸುತ್ತ ಪಾರದರ್ಶಕ ಬಳೆಯಂಥ ಜಾಗವಿದೆ. ಅಲ್ಲಿ ನೀರಿನ ಶಾಯಿಯ ಮಾರ್ಕರ್‌ನಲ್ಲಿ ಅಕ್ಸೆಷನ್ ನಂಬರ್, ಅಂದರೆ ಪ್ರತಿಯೊಂದು ಪ್ರತಿಗೂ ಲೈಬ್ರರಿ ಕೊಡುವ ಸಂಖ್ಯೆ, ಬರೆಯುತ್ತೇವೆ. ವಾಪಸ್ ಬಂದಾಗ ಟ್ಯೂಬ್‌ಲೈಟ್ ಕೆಳಗೆ ಓರೆ ಹಿಡಿದು ಗೀರು ಬಿದ್ದಿದೆಯೇ ಅಂತ ನೋಡಿಯೇ ಒಳಗೆ ತೆಗೆದುಕೊಳ್ಳುವುದು.

ಗೀರಿಗಿಂತ ದೊಡ್ಡ ತಲೆನೋವು ನಮ್ಮೂರಿನ ಮಳೆಗಾಲ. ಜೂನ್ ಬಂತೆಂದರೆ ಪುಸ್ತಕದ ರಟ್ಟಿಗೇ ಬೂಷ್ಟು, ಇನ್ನು ಡಬ್ಬಿಯೊಳಗಿನ ಕಾಗದ ಉಳಿದೀತೇ? ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಡಿಸ್ಕ್ ಇಡುತ್ತೇವೆ. ನೀಲಿ ಹರಳು ಗುಲಾಬಿಯಾದರೆ ತೇವ ಕುಡಿದಿದೆ ಅಂತ ಲೆಕ್ಕ. ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿ. ಆ ನೀಲಿ ಬಣ್ಣ ಕೋಬಾಲ್ಟಿನದು. ಆ ಬಾಣಲೆಯಲ್ಲಿ ಮತ್ತೆ ಅಡುಗೆ ಮಾಡಬಾರದು, ಬೇರೆಯದೇ ಇಡಿ. ಆಟ ಆಡುವ ಯಂತ್ರಕ್ಕೆ, ಅಂದರೆ ಕನ್ಸೋಲ್‌ಗೆ, ಯುಪಿಎಸ್ ಬೇಕೇ ಬೇಕು. ಆಟ ಎಲ್ಲಿಯವರೆಗೆ ಬಂದಿದೆ ಅನ್ನುವುದು ಸೇವ್ ಆಗುತ್ತಿರುವಾಗ ಕರೆಂಟ್ ಹೋದರೆ ಆ ಫೈಲೇ ಕೆಡಬಹುದು.

ಸೇವ್ ವಿಷಯಕ್ಕೇ ಹುಡುಗರ ಜಗಳ ಜಾಸ್ತಿ. ಒಬ್ಬ ಆಡಿದ್ದರ ಮೇಲೆ ಇನ್ನೊಬ್ಬ ಆಡಿಬಿಡುತ್ತಾನೆ. ಪಿಎಸ್‌4 (ಪ್ಲೇಸ್ಟೇಷನ್ 4) ಕನ್ಸೋಲ್‌ನಲ್ಲಿ ಸೇವ್ ಫೈಲನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿಕೊಳ್ಳಬಹುದು. ಒಬ್ಬೊಬ್ಬರಿಗೂ ಬೇರೆ ಪ್ರೊಫೈಲ್ ಮಾಡಿಕೊಟ್ಟು, ಪೆನ್‌ಡ್ರೈವ್ ಅವರೇ ತರಬೇಕು ಅಂತ ನಿಯಮ ಮಾಡಿದೆ. ಕನ್ಸೋಲ್‌ನಲ್ಲಿ ಉಳಿದದ್ದನ್ನು ತಿಂಗಳ ಕೊನೆಗೆ ಅಳಿಸುತ್ತೇವೆ. ನಕಲು ಮಾಡಿಕೊಳ್ಳದವರು ಮೊದಲಿಂದ ಆಡಬೇಕು, ಅಷ್ಟೇ.