ಪಾಲಿಮರ್ ಹೆಸ್ರು ಒಂದೇ, ಕರೆಂಟು ಮಾತ್ರ ಬೇರೆ: ನನ್ನ ಅನುಭವ

ಬಳ್ಳಾರಿಯಾಗೆ ಏಪ್ರಿಲ್ ತಿಂಗ್ಳು, ಎಸಿ ಇಲ್ದ ಲ್ಯಾಬು, ಅದ್ರಾಗೆ ಪಿ3ಎಚ್‌ಟಿ ಅನ್ನೋ, ಕರೆಂಟು ಒಯ್ಯೋ ಪ್ಲಾಸ್ಟಿಕ್ ಥರದ ಪಾಲಿಮರ್‌ನಿಂದ ಟ್ರಾನ್ಸಿಸ್ಟರ್ ಮಾಡ್ತೀನಿ ಅಂತ ಕೂತಿದ್ದೆ. ಮೊದ್ಲ ಬ್ಯಾಚು ಡಬ್ಬಿಗೆ ಹಾಕಿ ಹಂಪಿ ಎಕ್ಸ್‌ಪ್ರೆಸ್‌ನಾಗೆ ರಾತ್ರಿಯೆಲ್ಲಾ ತೊಡಿ ಮೇಲೆ ಇಟ್ಕಂಡು ಬೆಂಗ್ಳೂರಿಗೆ ಒಯ್ದು ಟೆಸ್ಟ್ ಮಾಡ್ಸಿದ್ರೆ ಮೊಬಿಲಿಟಿ (ಕರೆಂಟು ಒಯ್ಯೋ ಕಣ ಎಷ್ಟು ಸಲೀಸಾಗಿ ಓಡ್ತೈತೆ ಅನ್ನೋ ಅಳತೆ, ಚದರ ಸೆಂ.ಮೀ./ವೋಲ್ಟ್-ಸೆಕೆಂಡ್ ಲೆಕ್ಕದಾಗೆ) 10ರ ಮೈನಸ್ 5ನೇ ಘಾತದ ಹತ್ರ! ಇದೇ ಪಾಲಿಮರ್‌ಗೆ 0.1 ತನಕ ಬಂದಿರೋದು ಪೇಪರ್‌ಗಳಾಗೆ ಓದಿದ್ದೆ.

ಧೂಳು, ಬಿಸ್ಲು, ಗಾಳಿಯಾಗಿನ ಆಕ್ಸಿಜನ್ ಎಲ್ಲಾನೂ ಬೈದೆ. ಸೀನಿಯರ್ ಅಕ್ಕ ಒಂದೇ ಮಾತು ಕೇಳಿದ್ರು, "ಫಿಲ್ಮು ಯಾವ ಬಣ್ಣ ಐತಪ್ಪಾ?" ಆರೆಂಜ್ ಅಂದೆ. "ನೇರಳೆ ಬರ್ಬೇಕಲ್ಲೋ, ಬಾಟ್ಲಿ ಲೇಬಲ್ ಸರಿಯಾಗಿ ಓದು" ಅಂದ್ರು. ಓದಿದೆ. ಅಗ್ಗ ಅಂತ ತರ್ಸಿದ್ದು ರೀಜಿಯೋರ್‍ಯಾಂಡಮ್ ಮಾಲು, ಅಂದ್ರೆ ಚೈನಿನ ಬಾಲಗಳು ಹೆಂಗ್ ಬೇಕಂಗೆ ಕೂತಿರೋದು.

ವಿಷ್ಯ ಏನಂದ್ರೆ ಪಾಲಿಮರ್ ಚೈನಿನ ಕೊಂಡಿ ಆಗಿರೋ ಒಂದೊಂದು ಥಯೋಫೀನ್ ಉಂಗುರಕ್ಕೂ ಆರು ಕಾರ್ಬನ್‌ದೊಂದು ಬಾಲ ಇರ್ತೈತೆ, ಬಾಲ ಎಲ್ಲಾ ಒಂದೇ ಕ್ರಮದಾಗೆ ಬಂದ್ರೆ ಚೈನು ಚಪ್ಪಟೆ ಆಗಿ ರೊಟ್ಟಿ ಪೇರ್ಸಿದಂಗೆ 0.38 ನ್ಯಾನೋಮೀಟರ್ ಅಂತರದಾಗೆ ಒಂದ್ರ ಮೇಲೊಂದು ಕೂತ್ಕಂತವೆ, ಹೋಲ್‌ಗಳು (ಎಲೆಕ್ಟ್ರಾನ್ ಖಾಲಿ ಬಿಟ್ಟ ಜಾಗಗಳು, ಕರೆಂಟು ಒಯ್ಯೋದು ಇವೇ) ಒಂದ್ರಿಂದ ಇನ್ನೊಂದಕ್ಕೆ ಸಲೀಸಾಗಿ ಜಿಗೀತವೆ. ಹೆಂಗ್ ಬೇಕಂಗೆ ಬಂದ್ರೆ ಪಕ್ಕಪಕ್ಕದ ಎರಡು ಬಾಲ ಗುದ್ದಾಡಿ ಉಂಗುರ ತಿರುಚ್ಕಂತೈತೆ, ಎಲೆಕ್ಟ್ರಾನ್ ಹರಡೋ ದಾರಿ ತುಂಡಾಗ್ತೈತೆ, ಆರೆಂಜ್ ಬಣ್ಣನೂ ಅದ್ಕೇ ಬಂದಿದ್ದು.

ರೀಜಿಯೋರೆಗ್ಯುಲರ್ (ಬಾಲ ಎಲ್ಲಾ ಒಂದೇ ಕ್ರಮದಾಗಿರೋ) ಬಾಟ್ಲಿ ತರ್ಸಿದ್ಮೇಲೂ ಒಂದ್ಸಲ ಎಡವಿದೆ. ಕ್ಲೋರೋಫಾರ್ಮ್ 61 ಡಿಗ್ರಿಗೇ ಕುದಿಯೋ ಸಾಲ್ವೆಂಟು, ನಮ್ಮೂರ ಸೆಕೆಯಾಗೆ ಸ್ಪಿನ್ (ಗಿರಗಿರ ತಿರುಗ್ಸಿ ಫಿಲ್ಮು ಹರಡೋದು) ಶುರು ಆಗೋದ್ರಾಗೆ ಒಣಗೋಯ್ತು, ಚೈನ್‌ಗಳು ಸಾಲಾಗಿ ಕೂರೋಕೆ ಟೈಮೇ ಸಿಗ್ಲಿಲ್ಲ. 131ಕ್ಕೆ ಕುದಿಯೋ ಕ್ಲೋರೋಬೆಂಜೀನ್‌ಗೆ ಬದ್ಲಾಯಿಸಿ, ಫಿಲ್ಮಿನ ಕೆಳಗಿರೋ ಆಕ್ಸೈಡ್ ಮೇಲೆ ಒಟಿಎಸ್ ಅನ್ನೋ ನೀರು ಅಂಟದ ತೆಳು ಪದರ ಕೊಟ್ಟು, 140ರಾಗೆ ಹತ್ತು ನಿಮಿಷ ಕಾಯಿಸ್ದೆ. ಯುವಿ-ವಿಸ್‌ನಾಗೆ (ಫಿಲ್ಮು ಯಾವ ಬೆಳಕು ಹೀರ್ತೈತೆ ಅಂತ ನೋಡೋ ಟೆಸ್ಟು) 605 ನ್ಯಾನೋಮೀಟರ್ ಹತ್ರ ಗ್ರಾಫಿನಾಗೆ ಭುಜದಂಥ ಸಣ್ಣ ಉಬ್ಬು ಕಾಣಿಸ್ತು ನೋಡ್ರಿ, ಅದು ಚೈನ್‌ಗಳು ಜೋಡ್ಸ್ಕಂಡಿರೋ ಗುರ್ತು, ಅದು ಕಾಣ್ದಿದ್ರೆ ನಾನೀಗ ಬೆಂಗ್ಳೂರು ಟಿಕೆಟ್ಟೇ ಮಾಡ್ಸಲ್ಲ. ಆ ಸಲ ಮೊಬಿಲಿಟಿ 0.02 ಬಂತು.

ರೊಟ್ಟಿ ಪೇರ್ಸಿದ್ದು ಯಾವ ಕಡಿ ಮುಖ ಮಾಡೈತೆ ಅನ್ನೋದೂ ಮುಖ್ಯ. ಕರೆಂಟು ಓಡೋದು ಫಿಲ್ಮಿನ ತಳದಾಗೆ, ಅಡ್ಡಕ್ಕೆ. ಚೈನು ಅಂಚಿನ ಮೇಲೆ ನಿಂತಿದ್ರೆ ಜಿಗಿಯೋ ದಾರಿ ಆ ದಿಕ್ಕಿಗೇ ಸಿಗ್ತೈತೆ, ಅಂಗಾತ ಮಲಗಿದ್ರೆ ಮೇಲೆ-ಕೆಳಗೆ ಆಗಿ ವೇಸ್ಟು. ಕೇಂಬ್ರಿಜ್‌ನಾಗೆ ಸಿರಿಂಗ್‌ಹೌಸ್ ತಂಡ 1999ರಾಗೆ ತೋರ್ಸಿದ್ದು ಇದನ್ನೇ, ಎರಡಕ್ಕೂ ನೂರು ಪಟ್ಟಿಗಿಂತ ಹೆಚ್ಚು ವ್ಯತ್ಯಾಸ.

ಇನ್ನು ಚೈನ್ ಉದ್ದ. ಗಿಡ್ಡ ಚೈನು ಚೆಂದ ಹರಳಾಗ್ತವೆ, ಆದ್ರೆ ಒಂದು ಹರಳಿಂದ ಇನ್ನೊಂದಕ್ಕೆ ಸೇತುವೆ ಇರಲ್ಲ, ಮೊಬಿಲಿಟಿ ಬೀಳ್ತೈತೆ. ಅದ್ಕೇ ಈಗ ಆರ್ಡರ್ ಹಾಕೋ ಮುಂಚೆ ರೀಜಿಯೋರೆಗ್ಯುಲಾರಿಟಿ ಎಷ್ಟು ಪರ್ಸೆಂಟು, ಮಾಲಿಕ್ಯುಲರ್ ವೇಟ್ (ಚೈನ್ ಉದ್ದದ ಲೆಕ್ಕ) ಎಷ್ಟು ಅಂತ ಕೇಳ್ತೀನಿ, ರೇಟು ಆಮೇಲೆ.